ಒಲೆಯ ಮೇಲೆ ಏನಿತ್ತು?

ಹ್ಯಾರೋ ಕೋವ್
ಏಪ್ರಿಲ್ 18, 1997

ಫೀನಕ್ಕನಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಒಡೆಯಲೋ ಬೇಡವೋ ಎಂದು ಗಡಿಯಾರಕ್ಕೆ ಒರಗಿಸಿಟ್ಟು, ಒಂದು ಸುತ್ತು ನೆಲ ಒರೆಸಿ ಬಂದು, ಆಮೇಲೆ ಒಡೆದಿರುತ್ತೀಯ. ಅಪ್ಪನನ್ನು ಮಣ್ಣು ಮಾಡಿ ಬಂದ ದಿನ ನಮ್ಮ ಅಡುಗೆಮನೆಯಲ್ಲಿ ನಿಂತು, ಊರವರೆಲ್ಲ ಕೇಳುವ ಹಾಗೆ, "ಎಫೀ, ನಿನ್ನ ಮನೆಯೆಲ್ಲ ಮೀನು ನಾತ ಹೊಡೀತಿದೆ ಕಣೇ" ಅಂದೆಯಲ್ಲ, ಅಂದಿನಿಂದ ಆರು ವರ್ಷ ನಾನೂ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಆ ಮಾತನ್ನು ವಾಪಸು ತೆಗೆದುಕೋ ಎಂದು ಕೇಳಲು ಬರೆಯುತ್ತಿಲ್ಲ. ರೋಡಾಳ ಸಲುವಾಗಿ ಬರೆಯುತ್ತಿದ್ದೇನೆ.

ಅಂದು ನಿನ್ನ ಕಾಲ ಹತ್ತಿರ ತೆವಳುತ್ತಿದ್ದ ನನ್ನ ಮಗಳಿಗೆ ಈಗ ಏಳು ವರ್ಷ. ಮುಂದಿನ ಎರಡು ಹಲ್ಲಿಲ್ಲ. ಮಾತಿಗೆ ಮಾತ್ರ ಕೊರತೆಯಿಲ್ಲ. ಹೋದ ವರ್ಷ ಮಂಜು ಕರಗುವ ಹೊತ್ತಿಗೆ ಅವಳಿಗೆ ಉಬ್ಬಸ ಶುರುವಾಯಿತು. ಬೇಸಿಗೆ ಮುಗಿಯುವಾಗ ತಾನಾಗಿಯೇ ಹೋಯಿತು. ಚಳಿಗಾಲವಿಡೀ ಜಾರುಬಂಡಿ ಎಳೆದುಕೊಂಡು ಗುಡ್ಡ ಹತ್ತಿ ಇಳಿದಳು. ಪೀಡೆ ತೊಲಗಿತು ಅಂದುಕೊಂಡೆವು. ಈಗ ಮತ್ತೆ ಬಂದಿದೆ. ಅಪ್ಪನ ಹರಿದ ಅಕಾರ್ಡಿಯನ್ ನೆನಪಿದೆಯಲ್ಲ, ಎಷ್ಟು ಎಳೆದರೂ ಗಾಳಿ ಸಾಲದೆ ಕುಂಯ್ ಅನ್ನುತ್ತಿತ್ತು? ಮಗುವಿನ ಎದೆ ಹಾಗೆ ಸದ್ದು ಮಾಡುತ್ತದೆ. ಹೋದ ವಾರ ತುಟಿ ನೀಲಿಯಾಯಿತು. ಲೆವೈ ತನ್ನ ಬಾಡಿಗೆ ವ್ಯಾನಿನಲ್ಲಿದ್ದವರನ್ನೆಲ್ಲ ರಸ್ತೆಯಲ್ಲೇ ಇಳಿಸಿ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದ. ಅಲ್ಲಿಯ ವೈದ್ಯರು, "ಅಸ್ತಮಾ. ಮನೆಯೊಳಗೇ ಏನೋ ಇದಕ್ಕೆ ಕಾರಣ ಇರಬೇಕು, ಹುಡುಕಿ" ಅಂದರು.

ಹುಡುಕಿದೆವು. ಊರಿಗೆ ಊರೇ ಬಂದು ಹುಡುಕಿತು. ನಾಯಿಯ ಕೂದಲು ಅಂದರು, ಬೋಸನ್‌ನನ್ನು ಆಚೆ ದಡದ ಆಬ್ಸಲಮ್ ಮಾಮನಿಗೆ ಕೊಟ್ಟೆವು. ಅಮ್ಮ ಹೊಲಿದಿದ್ದ ಬಾತಿನ ಗರಿಯ ದಿಂಬು ಅಂದರು, ಅದೂ ಹೋಯಿತು. ಸೆಲ್ಬಿ ಮಗಳಿಗಾಗಿ ಪೈಪ್ ಸೇದುವುದನ್ನೇ ಬಿಟ್ಟ. ಗಂಡಸಿಗೆ ಅದು ಎಷ್ಟು ಕಷ್ಟ ಎಂದು ನಿನಗೆ ಗೊತ್ತಿಲ್ಲ. ಯಾವುದರಿಂದಲೂ ಏನೂ ಆಗಲಿಲ್ಲ.

ಏಡಿಯ ಸೀಸನ್ ಶುರುವಾಗಿದೆ. ಕಾಡ್ ಮೀನು ಹಿಡಿಯುವುದಕ್ಕೆ ಸರಕಾರ ಬೀಗ ಹಾಕಿದ ಮೇಲೆ ಈ ಊರಿಗೆ ಏಡಿಯೇ ದಿಕ್ಕು. ಸೆಲ್ಬಿ ದೋಣಿಯಲ್ಲಿ, ನಾನು ಹೋದ ವರ್ಷದಿಂದ ಕಾರ್ಖಾನೆಯಲ್ಲಿ, ಏಡಿ ಬೇಯಿಸುವ ತೊಟ್ಟಿಗಳ ಪಕ್ಕ. ಅಲ್ಲಿ ನಮ್ಮೆಲ್ಲರಿಗೂ ಕೆಮ್ಮು. ರಜೆ ಸಿಕ್ಕ ದಿನ ಕೆಮ್ಮೂ ರಜೆ ತೆಗೆದುಕೊಳ್ಳುತ್ತದೆ ಎಂದು ನಗುತ್ತೇವೆ. ನಾವಿಬ್ಬರೂ ಇಲ್ಲದಾಗ ಮಗುವಿಗೆ ಉಸಿರು ಕಟ್ಟಿದರೆ? ನಿನ್ನದು ಚೊಕ್ಕ ಮನೆ. ಕ್ಲಾರೆನ್ಸ್ ಭಾವ ಹೋದ ಮೇಲೆ ನೀನೊಬ್ಬಳೇ. ಮನೆಯಲ್ಲೇ ಹೊಲಿಗೆ ಹಾಕುತ್ತೀಯ, ಅವಳು ಕಣ್ಣಮುಂದೆ ಇರುತ್ತಾಳೆ. ಸ್ವಲ್ಪ ಕಾಲ ಇಟ್ಟುಕೊಳ್ಳುತ್ತೀಯಾ?

ಶುಕ್ರವಾರದ ವ್ಯಾನಿಗೆ ಹತ್ತಿಸುತ್ತೇನೆ. ಬೇಡವಾದರೆ ಲೆವೈಗೆ ಹೇಳು, ವಾಪಸು ಕರೆತರುತ್ತಾನೆ.

ನಿನ್ನ ತಂಗಿ,
ಎಫಿ


ಸೇಂಟ್ ಜಾನ್ಸ್
ಮೇ 1, 1997

ಎಫಿ,

ಹುಡುಗಿ ತಲುಪಿದ್ದಾಳೆ. ಮೂಟೆಗಳ ನಡುವೆ ಒಂದು ಮೂಟೆಯ ಹಾಗೆ ಕೂತು ಬಂದಳು. ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ನಮ್ಮಮ್ಮನ ಜೊತೆ ಜಗಳ ಆಡಿದ ದೊಡ್ಡಮ್ಮ ಅಲ್ವಾ?" ಅಂದಳು. ಹೌದು ಅಂದೆ. "ಯಾರು ಗೆದ್ರಿ?" ಅಂದಳು.

ಇಂಥ ಪ್ರಶ್ನೆಗೆಲ್ಲ ನಾನು ಉತ್ತರ ಕೊಡುವುದಿಲ್ಲ. ಕೈ ತೊಳೆಸಿ ಊಟಕ್ಕೆ ಕೂರಿಸಿದೆ.

ನನ್ನ ಮನೆಯಲ್ಲಿ ಜಮಖಾನವಿಲ್ಲ, ನಾಯಿಯಿಲ್ಲ, ಗರಿಯ ದಿಂಬಿಲ್ಲ. ಪರಿಮಳದ ಸೋಪು ಕೂಡ ತೆಗೆದಿಟ್ಟಿದ್ದೇನೆ. ಹೊಲಿಗೆ ಮಿಷನ್ನನ್ನು ಹಿಂದಿನ ಕೋಣೆಗೆ ಸಾಗಿಸಿದೆ. ಅವಳಿಗೆ ಹಳದಿ ಕೋಣೆ ಕೊಟ್ಟಿದ್ದೇನೆ. ಅಲ್ಲಿ ಇದುವರೆಗೆ ಯಾರೂ ಮಲಗಿರಲಿಲ್ಲ. ಕಿಟಕಿ ಬಿಗಿದುಕೊಂಡಿತ್ತು, ಬಡಿದು ತೆರೆಯಬೇಕಾಯಿತು.

ಬಂದಾಗಿನಿಂದ, ಉಸಿರು ಕಟ್ಟಿದಾಗ ಬಾಯಿಗೆ ಔಷಧಿ ಊದಿಕೊಳ್ಳುವ ಆ ನೀಲಿ ಪಂಪಿನ ಅಗತ್ಯ ಬಿದ್ದಿಲ್ಲ. ಓಡುತ್ತಾಳೆ. ಮೆಟ್ಟಿಲ ಮೇಲೆ ಓಡಬಾರದು ಎಂದು ಹೇಳಿದ್ದೇನೆ. ಓಡುತ್ತಲೇ "ಸರಿ" ಅನ್ನುತ್ತಾಳೆ.

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಯಾವತ್ತೂ ನನ್ನ ಮಾತು ಮುಗಿಯಲು ಬಿಟ್ಟವಳಲ್ಲ. ಕಾಗದದಲ್ಲಿ ಮಧ್ಯೆ ಬಾಯಿ ಹಾಕಲು ಆಗುವುದಿಲ್ಲ, ಅದೇ ಒಳ್ಳೆಯದು. ಅವಳು ಏನು ತಿನ್ನುತ್ತಾಳೆ, ಏನು ತಿನ್ನುವುದಿಲ್ಲ, ಬರೆ.

ಟ್ರಿಫೀನಾ


ಹ್ಯಾರೋ ಕೋವ್
ಮೇ 9, 1997

ಫೀನಕ್ಕನಿಗೆ,

ನಿನ್ನ ಕಾಗದವನ್ನು ನಾನು ಓದಿ ಸೆಲ್ಬಿಗೆ ಕೇಳಿಸಿದೆ. "ಯಾರು ಗೆದ್ರಿ" ಅನ್ನುವಲ್ಲಿ ಅವನು ನಕ್ಕ ನಗುವಿಗೆ ಚಹಾ ಮೂಗಿಗೆ ಹತ್ತಿತು. ಮಗು ಹೋದ ಮೇಲೆ ಈ ಮನೆಯಲ್ಲಿ ಅದೇ ಮೊದಲ ನಗು.

ಊಟದ ವಿಷಯ: ಎಲ್ಲ ತಿನ್ನುತ್ತಾಳೆ. ಉಪ್ಪುಮಾಂಸ, ಎಲೆಕೋಸು, ಬ್ರೆಡ್ಡಿನ ಮೇಲೆ ಬೆರಳು ದಪ್ಪ ಜಾಮ್. ಏಡಿ ಒಂದನ್ನು ಮಾತ್ರ ಮುಟ್ಟುವುದಿಲ್ಲ, ಬಾಯಿ ತುರಿಸುತ್ತದಂತೆ. ಏಡಿ ಹಿಡಿಯುವವನ ಮಗಳು ಏಡಿ ಒಲ್ಲೆ ಅನ್ನುವುದು ಊರಿಗೆಲ್ಲ ತಮಾಷೆ. "ಇವಳನ್ನ ಪಟ್ಟಣದವರಿಗೇ ಕೊಡಬೇಕು, ಕೊಲ್ಲಿಯವರು ಯಾರೂ ಕಟ್ಕೊಳ್ಳಲ್ಲ" ಎಂದು ಅವಳಪ್ಪನೇ ಛೇಡಿಸುತ್ತಾನೆ.

ಅವಳು ವಾಪಸು ಬರುವಷ್ಟರಲ್ಲಿ ಮನೆಯನ್ನು ತೊಳೆದು ಇಡೋಣ ಎಂದು ಪರದೆ ಇಳಿಸಿದೆ, ಕಂಬಳಿಗಳನ್ನು ಕುದಿಸಿದೆ, ಗೋಡೆ ಕಾಗದ ಕಿತ್ತೆ. ಸೌದೆ ಒಲೆಯನ್ನೂ ಹಚ್ಚುತ್ತಿಲ್ಲ. ಮಾತಾಡಿದರೆ ಮನೆಯೊಳಗೆ ಮಾತು ತಿರುಗಿ ಕೇಳುತ್ತದೆ. "ಇನ್ನು ಹೊರಗೆ ಹಾಕೋದಕ್ಕೆ ನಾನೊಬ್ಬನೇ ಉಳಿದಿದ್ದೀನಿ, ನನ್ನನ್ನೂ ಆಬ್ಸಲಮ್ ಮಾಮನಿಗೇ ಕೊಟ್ಟುಬಿಡು" ಅನ್ನುತ್ತಾನೆ ಸೆಲ್ಬಿ. ಬೋಸನ್‌ನ ಕಥೆ ಕೇಳು: ದಿನಾ ಬೆಳಿಗ್ಗೆ ಆ ತಣ್ಣೀರಲ್ಲಿ ಕೊಲ್ಲಿ ಈಜಿ ಬಂದು ನಮ್ಮ ಮೆಟ್ಟಿಲ ಮೇಲೆ ಮೈ ಕೊಡವಿ ಕೂರುತ್ತದೆ. ಮಾಮ ದೋಣಿ ಹಾಕಿಕೊಂಡು ಬಂದು ಬೈದು ಕರೆದುಕೊಂಡು ಹೋಗುತ್ತಾರೆ. "ಈ ನಾಯಿ ದೆಸೆಯಿಂದ ನಂಗೆ ಈ ವಯಸ್ಸಲ್ಲಿ ತೋಳು ಗಟ್ಟಿಯಾಗ್ತಿದೆ ಮಾರಾಯ್ತೀ" ಅಂದರು ನಿನ್ನೆ.

ಹಳದಿ ಕೋಣೆ ತೆರೆದೆ ಎಂದು ಬರೆದಿದ್ದೀಯ. ಆ ಗೋಡೆಗೆ ನಾವಿಬ್ಬರೂ ಸೇರಿ ಬಣ್ಣ ಹೊಡೆದದ್ದು, ಆಮೇಲೆ ನೀನು ಆಸ್ಪತ್ರೆಯಿಂದ ಬರಿಗೈಯಲ್ಲಿ ಮನೆಗೆ ಬಂದದ್ದು ಎರಡೂ ನನಗೆ ನೆನಪಿದೆ. ಹೆಚ್ಚು ಬರೆಯುವುದಿಲ್ಲ. ಕಿಟಕಿ ತೆರೆದದ್ದು ಒಳ್ಳೆಯದಾಯಿತು.

ಹತ್ತೊಂಬತ್ತಕ್ಕೆ ರಜೆ ಇದೆ. ಹಿಂದಿನ ದಿನದ ಪಾಳಿ ಮುಗಿಸಿ ಹಾಗೇ ಲೆವೈ ವ್ಯಾನು ಹತ್ತುತ್ತೇನೆ. ಮಗುವಿಗೆ ಹೇಳು.

ಎಫಿ


ಸೇಂಟ್ ಜಾನ್ಸ್
ಮೇ 23, 1997

ಎಫಿ,

ಮೊದಲು ಇದು: ರೋಡಾ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ, ಉಸಿರು ಸರಿಯಾಗಿದೆ, ಈಗ ಪಕ್ಕದಲ್ಲಿ ಕೂತು ದೋಣಿಯ ಚಿತ್ರ ಬರೆಯುತ್ತಿದ್ದಾಳೆ.

ಆಸ್ಪತ್ರೆಯಲ್ಲಿ ನೀನು ಗೋಡೆಗೆ ಒರಗಿ ನಿಂತಿದ್ದೆ. ಅಲ್ಲಿಂದಲೇ ವ್ಯಾನು ಹತ್ತಿ ಹೋದೆ. ಆಗ ಹೇಳಲಾಗದ್ದನ್ನು ಈಗ ಬರೆಯುತ್ತೇನೆ.

ಮೂರೂವರೆ ವಾರ ಅವಳಿಗೆ ಏನೂ ಆಗಿರಲಿಲ್ಲ. ನೀನು ಒಳಗೆ ಬಂದೆ, ಅವಳು ಮೆಟ್ಟಿಲಿಂದ ಹಾರಿ ಬಂದು ನಿನ್ನ ಸ್ವೆಟರಿನೊಳಗೆ ಮುಖ ಹುದುಗಿಸಿದಳು, ಚಹಾ ಕುದಿಯುವಷ್ಟರಲ್ಲಿ ಎದೆ ಕಟ್ಟಿತು. ನನ್ನ ಮನೆಯಲ್ಲಿ ಆ ದಿನ ಹೊಸದಾಗಿ ಬಂದದ್ದು ನೀನೊಬ್ಬಳೇ. "ತುಂಬಾ ಭಾವೋದ್ವೇಗ ಆದರೂ ಕೆಲವು ಮಕ್ಕಳಿಗೆ ಹೀಗಾಗುತ್ತದೆ" ಅಂದರು ವೈದ್ಯರು. ಯಾರನ್ನಾದರೂ ನೋಡಿ ತಳಮಳವಾಯಿತೇ ಎಂದು ಕೇಳಿದರು. ನಾನು ಏನು ಹೇಳಲಿ?

ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ. ಆದರೆ ಸ್ವಲ್ಪ ಕಾಲ ನೀನು ಬರದೆ ಇರುವುದು ಮೇಲು. ಇನ್ನೊಂದು ಮಾತು. ನಮ್ಮ ಬೀದಿಯ ಕೊನೆಯಲ್ಲೇ ಶಾಲೆ ಇದೆ. ಸೆಪ್ಟೆಂಬರಿನಿಂದ ಅವಳು ಇಲ್ಲೇ ಓದಬಹುದು. ಸೆಲ್ಬಿಯ ಜೊತೆ ಮಾತಾಡು. ಅವಸರವಿಲ್ಲ.

ಅವಳು ಈಗ ನನ್ನನ್ನು "ನೀನು" ಅನ್ನುತ್ತಾಳೆ. ತಿದ್ದಿಲ್ಲ.

ಫೀನಾ


ಹ್ಯಾರೋ ಕೋವ್
ಮೇ 31, 1997

ಫೀನಕ್ಕನಿಗೆ,

ನಾಯಿಯನ್ನು ಕೊಟ್ಟೆ. ಅಮ್ಮನ ದಿಂಬು ಕೊಟ್ಟೆ. ಪರದೆ, ಕಂಬಳಿ, ಗೋಡೆ ಕಾಗದ, ಒಂದೊಂದಾಗಿ ಎಲ್ಲವನ್ನೂ ಹೊರಗೆ ಹಾಕಿದೆ. ಕೊನೆಗೆ ಹೊರಗೆ ಹಾಕಬೇಕಾದದ್ದು ನನ್ನನ್ನೇ ಎಂದು ಹೊಳೆದಿರಲಿಲ್ಲ.

ಸೆಲ್ಬಿಗೆ ಶಾಲೆಯ ವಿಷಯ ಹೇಳಿದೆ. ಅವನು ಎದ್ದು ಹೋಗಿ ಬಲೆ ಸರಿಮಾಡುತ್ತಾ ಕೂತ. ಆ ಬಲೆ ಸರಿಯಾಗಿಯೇ ಇತ್ತು. ಬರುವಾಗ, "ಮಗು ಉಸಿರಾಡಿಕೊಂಡು ಎಲ್ಲಿದ್ದರೂ ನಮ್ಮದೇ ಅಲ್ಲವಾ?" ಅಂದ. ನನಗೆ ಆಗಲಿ ಎಂದು ಬರೆಯಲೂ ಕೈ ಬರುತ್ತಿಲ್ಲ, ಬೇಡ ಎಂದು ಬರೆಯಲೂ ಬರುತ್ತಿಲ್ಲ. ಸ್ವಲ್ಪ ಕಾಲಾವಕಾಶ ಕೊಡು.

ಅವಳಿಗೆ ನನ್ನನ್ನು ನೋಡಿದರೆ ಯಾಕೆ ತಳಮಳ, ಅಕ್ಕ? ಹೊಡೆದವಳಲ್ಲ ನಾನು. ಬೈದರೂ ಅವಳು ತಿರುಗಿ ಬೈಯುತ್ತಾಳೆ, ಇಬ್ಬರೂ ನಗುತ್ತೇವೆ.

ನಾನು ಬರುವ ಹಾಗಿಲ್ಲ, ಅದಕ್ಕೆ ನನ್ನ ಬದಲು ಒಂದು ಡಬ್ಬ ಕಳಿಸುತ್ತಿದ್ದೇನೆ. ಸೆಲ್ಬಿ ಇವತ್ತು ಬೆಳಿಗ್ಗೆ ತಂದ ಏಡಿ, ಜೀವ ಇದೆ, ಐಸಿನ ಮೇಲೆ ಇಟ್ಟಿದ್ದೇನೆ. ರೋಡಾಗಲ್ಲ, ನಿನಗೆ. ಚಿಕ್ಕಂದಿನಲ್ಲಿ ನನ್ನ ಪಾಲಿನ ಕಾಲುಗಳನ್ನೂ ಕದ್ದು ತಿನ್ನುತ್ತಿದ್ದವಳು ನೀನು. ಪಟ್ಟಣದಲ್ಲಿ ಇಂಥದು ಸಿಗುವುದಿಲ್ಲ. ಅಮ್ಮನ ದೊಡ್ಡ ಪಾತ್ರೆ ನಿನ್ನ ಹತ್ತಿರವೇ ಇದೆಯಲ್ಲ.

ಎಫಿ


ಹ್ಯಾರೋ ಕೋವ್
ಜೂನ್ 15, 1997

ಫೀನಕ್ಕನಿಗೆ,

ಡಬ್ಬ ಕಳಿಸಿ ಎರಡು ವಾರವಾಯಿತು. ನಿನ್ನಿಂದ ಒಂದು ಸಾಲೂ ಇಲ್ಲ. ನಿನ್ನೆ ಲೆವೈ ಹೇಳಿದ: ಅವನು ಡಬ್ಬ ಕೊಟ್ಟು ಬಂದ ಸಾಯಂಕಾಲವೇ ನಿನ್ನ ಮನೆ ಮುಂದೆ ಆಂಬುಲೆನ್ಸ್ ನಿಂತಿತ್ತಂತೆ, ಪಕ್ಕದ ಮನೆಯಾಕೆ ಅವನಿಗೆ ಹೇಳಿದಳಂತೆ. "ನೀನು ಹೆದರಬೇಡಮ್ಮಾ, ಮೊನ್ನೆ ನಾನೇ ಕಣ್ಣಾರೆ ನೋಡಿದೆ, ಕಿಟಕಿಯಿಂದ ನನಗೆ ನಾಲಿಗೆ ಚಾಚಿದಳು" ಅಂದ. ತಕ್ಷಣ ಫೋನ್ ಮಾಡಿದೆ. ನೀನು "ಚೆನ್ನಾಗಿದ್ದಾಳೆ, ಮಲಗಿದ್ದಾಳೆ" ಅಂದು ಇಟ್ಟುಬಿಟ್ಟೆ.

ನಾನು ಮತ್ತೆ ಮಾಡಲಿಲ್ಲ. ಮಗುವಿನ ಬಾಯಿಂದ ಕೇಳುವ ವಿಷಯವಲ್ಲ ಇದು. ನಿನ್ನ ಬಾಯಿಂದ ಕೇಳಬೇಕು. ನನ್ನ ಮಾತು ಮುಗಿಯುವವರೆಗೆ ಓದು, ಕಾಗದದಲ್ಲಿ ನೀನೂ ಮಧ್ಯೆ ಬಾಯಿ ಹಾಕಲಾರೆ.

ಇವತ್ತು ಪಾಳಿಯಿಂದ ಬಂದು, ದಿನಾ ಮಾಡುವ ಹಾಗೆ, ಸ್ವೆಟರು ತೆಗೆದು ಹಿಂಬಾಗಿಲ ಮೊಳೆಗೆ ನೇತುಹಾಕಿದೆ. ಅದು ನೇತಾಡಲಿಲ್ಲ, ಹಲಗೆಯ ಹಾಗೆ ನಿಂತಿತು. ತೋಳೆಲ್ಲ ಏಡಿಯ ರಸ ಒಣಗಿ ಗಟ್ಟಿಯಾಗಿತ್ತು. ಈ ಮನೆಯಲ್ಲಿ ಎಲ್ಲವನ್ನೂ ತೊಳೆದವಳು ಇದೊಂದನ್ನು ಮುಟ್ಟಿಲ್ಲ. ನಾಳೆ ಮತ್ತೆ ಹಾಗೇ ಆಗುವುದಲ್ಲ ಎಂದು. ಮನೆ ನಡೆಸುವುದು ಆ ಸ್ವೆಟರು. ಅದರ ಮೇಲೆ ಯಾರಿಗೆ ಅನುಮಾನ ಬರುತ್ತದೆ?

ಅಲ್ಲೇ ಮೆಟ್ಟಿಲ ಮೇಲೆ ಕೂತು ಯೋಚಿಸಿದೆ. ನಾಯಿ ಚಳಿಗಾಲದಲ್ಲಿ ಹೊರಗೇ ಹೋಗದೆ ಅವಳ ಕಾಲಡಿ ಮಲಗಿತ್ತು. ದಿಂಬು ಇತ್ತು, ಸೌದೆ ಒಲೆ ಇತ್ತು, ಅವಳಪ್ಪನ ಹೊಗೆ ಇತ್ತು, ಕಿಟಕಿಗಳೆಲ್ಲ ಮುಚ್ಚಿದ್ದವು. ಆಗ ಅವಳಿಗೆ ಏನೂ ಆಗಲಿಲ್ಲ. ಮಂಜು ಕರಗಿದ ಮೇಲೆ ಈ ಮನೆಯೊಳಗೆ ಹೊಸದಾಗಿ ಬರುವುದು ಒಂದೇ: ಕಾರ್ಖಾನೆಯಿಂದ ನಾನು. ನನ್ನ ಮೈ, ನನ್ನ ಕೂದಲು, ಈ ಸ್ವೆಟರು. ಅವಳು ದಿನಾ ಬಾಗಿಲಲ್ಲೇ ಬಂದು ತೆಕ್ಕೆಗೆ ಬೀಳುತ್ತಿದ್ದಳು. ನಿನ್ನ ಮನೆಗೂ ನಾನು ಪಾಳಿಯಿಂದ ನೇರ ಬಂದದ್ದು, ಇದೇ ಸ್ವೆಟರಿನಲ್ಲಿ. ನಮ್ಮ ಕೆಮ್ಮು ರಜೆಯ ದಿನ ನಿಲ್ಲುವುದೂ ನೆನಪಾಯಿತು. ಏಡಿ ಬಾಯಿಗೆ ಇಟ್ಟರೆ ತುರಿಸುತ್ತದೆ ಎಂದು ಮಗು ಮೂರು ವರ್ಷದವಳಿದ್ದಾಗಿನಿಂದ ಹೇಳುತ್ತಿತ್ತು. ನಾವು ನಗುತ್ತಿದ್ದೆವು.

ಇದು ನಿಜವೋ, ಮಗಳು ಬೇಕೆಂಬ ಆಸೆಗೆ ನಾನೇ ಕಟ್ಟಿಕೊಂಡ ಕಥೆಯೋ, ನನಗೆ ತಿಳಿಯದು. ತಿಳಿದಿರುವವಳು ನೀನೊಬ್ಬಳೇ. ಆ ಸಾಯಂಕಾಲ ನಿನ್ನ ಮನೆಯಲ್ಲಿ ನಾನಿರಲಿಲ್ಲ, ನನ್ನ ಸ್ವೆಟರಿರಲಿಲ್ಲ. ಒಲೆಯ ಮೇಲೆ ಏನಿತ್ತು?

ಡಬ್ಬ ಇನ್ನೂ ಐಸಿನಲ್ಲೇ ಇತ್ತು, ಏಡಿ ಬೇಯಿಸಿರಲಿಲ್ಲ ಎಂದು ನೀನು ಬರೆದರೆ ನಾನು ನಂಬುತ್ತೇನೆ. ಇನ್ನೊಬ್ಬರನ್ನು ಕೇಳುವುದಿಲ್ಲ. ಸೆಪ್ಟೆಂಬರಿನಲ್ಲಿ ಅವಳ ಹೆಸರನ್ನು ನಿನ್ನ ಬೀದಿಯ ಶಾಲೆಯಲ್ಲಿ ಬರೆಸು. ಸೆಲ್ಬಿಯೂ ಒಪ್ಪಿದ್ದಾನೆ.

ಎಫಿ


ಸೇಂಟ್ ಜಾನ್ಸ್
ಜುಲೈ 3, 1997

ಎಫಿ,

ಏಡಿ ಇತ್ತು. ಅಮ್ಮನ ದೊಡ್ಡ ಪಾತ್ರೆಯಲ್ಲಿ, ನೀರು ತುಂಬಿಸಿ, ಉಪ್ಪು ಹಾಕಿ, ಮುಚ್ಚಳ ಓರೆಯಾಗಿ ಇಟ್ಟು.

ಹೊರಗೆ ಚಳಿ, ಕಿಟಕಿ ಹಾಕಿದ್ದೆ. ರೋಡಾ ಸ್ಟೂಲಿನ ಮೇಲೆ ನಿಂತು ಒಂದೊಂದು ಏಡಿಗೂ ಹೆಸರಿಡುತ್ತಿದ್ದಳು. "ಇದು ಆಬ್ಸಲಮ್ ಅಜ್ಜ, ನೋಡು ಹೇಗೆ ಗೊಣಗ್ತಿದೆ. ಇದು ನೀನು, ಸುಮ್ನೆ ಕೂತಿದೆ, ಆದ್ರೆ ಚಿವುಟುತ್ತೆ." ನಾನು ನಕ್ಕೆ. ಎಷ್ಟೋ ಕಾಲದ ಮೇಲೆ ಆ ಅಡುಗೆಮನೆಯಲ್ಲಿ ನಗುವ ಸದ್ದು. ಆವಿ ಸೂರಿಗೆ ಮುಟ್ಟಿತ್ತು. ಅವಳ ನಗುವಿಗೆ ಕೆಮ್ಮು ಸೇರಿತು, ಆಮೇಲೆ ನಗು ನಿಂತಿತು. ಪಂಪು ಕೊಟ್ಟೆ, ಸಾಲಲಿಲ್ಲ. ಏಡಿಯ ಒಂದು ಕಾಲನ್ನೂ ನಾನು ತಿನ್ನಲಿಲ್ಲ, ಪಾತ್ರೆ ಸಮೇತ ಆಮೇಲೆ ಹೊರಗೆಸೆದೆ.

ನನ್ನ ಚೊಕ್ಕ ಮನೆಯಲ್ಲಿ, ಎಫಿ. ನಿನ್ನ ಹತ್ತಿರದಿಂದ ಕರೆತಂದು ಇಟ್ಟುಕೊಂಡ ಮನೆಯಲ್ಲಿ.

ನಿನ್ನ ಕಾಗದ ಬರುವ ಮೊದಲೇ ನಾನು ಶಾಲೆಯವರೆಗೆ ಹೋಗಿ ಬಂದಿದ್ದೆ. ಅಂಗಡಿಯಲ್ಲಿ ಕೆಂಪು ಶಾಲೆಚೀಲ ನೋಡಿಟ್ಟಿದ್ದೆ. ಬಂದ ಮೇಲೂ ಉತ್ತರ ಬರೆಯದೆ ಒಂದು ವಾರ ಕಳೆದೆ. ಒಂದು ಮಧ್ಯಾಹ್ನ ಹಳದಿ ಕೋಣೆಯಲ್ಲಿ ಸದ್ದೇ ಇರಲಿಲ್ಲ. ಇಣುಕಿ ನೋಡಿದರೆ ಮಂಚದ ಮೇಲೆ ಕೂತು, ಕೆನ್ನೆ ಉಬ್ಬಿಸಿ, ಮೂಗು ಹಿಡಿದುಕೊಂಡಿದ್ದಾಳೆ. ಮುಖ ಕೆಂಪಾಗಿತ್ತು. ಓಡಿ ಹೋಗಿ ಕೈ ಬಿಡಿಸಿದೆ.

"ಏನು ಮಾಡ್ತಿದ್ದೀಯೇ?"

"ಅಭ್ಯಾಸ ಮಾಡ್ತಿದ್ದೀನಿ ದೊಡ್ಡಮ್ಮ. ಅಮ್ಮನ್ನ ಅಪ್ಕೊಂಡ್ರೆ ನಂಗೆ ಉಬ್ಬಸ ಬರುತ್ತಲ್ಲ, ಅದಕ್ಕೆ ಉಸಿರು ಬಿಗಿ ಹಿಡ್ಕೊಂಡು ಅಪ್ಕೋತೀನಿ. ಈಗ ಇಪ್ಪತ್ತರವರೆಗೂ ಆಗುತ್ತೆ. ಅಮ್ಮಂಗೆ ಹೇಳ್ಬೇಡ."

ಹೇಳಬೇಡ ಅಂದಳು, ಹೇಳುತ್ತಿದ್ದೇನೆ. ಮರುದಿನವೇ ಅವಳನ್ನು ವೈದ್ಯರ ಹತ್ತಿರ ಕರೆದೊಯ್ದು ಪಾತ್ರೆಯ ಕಥೆ, ಸ್ವೆಟರಿನ ಕಥೆ, ಎಲ್ಲ ಹೇಳಿದೆ. ಅವರು ಅವಳ ತೋಳಿನ ಮೇಲೆ ಸಾಲಾಗಿ ಚುಚ್ಚಿ ನೋಡಿದರು. ನಾಯಿ ಚುಚ್ಚಿದ ಕಡೆ ಏನಿಲ್ಲ. ಗರಿಯ ಕಡೆ ಏನಿಲ್ಲ. ಏಡಿಯ ಕಡೆ ಕಡಜ ಕಚ್ಚಿದ ಹಾಗೆ ಊದಿಕೊಂಡಿತು. ತಿನ್ನಲೇಬೇಕೆಂದಿಲ್ಲ, ಆವಿ ಸಾಕು, ಬಟ್ಟೆಗೆ ಅಂಟಿ ಬಂದದ್ದೂ ಸಾಕು ಅಂದರು. ಅವಳ ಉಬ್ಬಸಕ್ಕೆ ನಿನ್ನನ್ನು ನೋಡಿದ ತಳಮಳ ಕಾರಣವಲ್ಲ.

ಈಗ ನಾನು ಹೇಳುವುದನ್ನು ಕೇಳು. ಕಾರ್ಖಾನೆಯ ಬಟ್ಟೆ ಮನೆಯ ಹೊಸ್ತಿಲು ದಾಟಕೂಡದು. ಕೂದಲು ತೊಳೆಯದೆ ಅವಳನ್ನು ಮುಟ್ಟಕೂಡದು. ಮನೆಯಲ್ಲಿ ಏಡಿ ಬೇಯಿಸಕೂಡದು, ಕ್ರಿಸ್‌ಮಸ್ಸಿಗೂ ಸಹ. ನೀಲಿ ಪಂಪು ಸದಾ ಅವಳ ಜೇಬಿನಲ್ಲಿರಬೇಕು. ದಿನಾ ತೆಗೆದುಕೊಳ್ಳುವ ಇನ್ನೊಂದು ಪಂಪನ್ನೂ ಕೊಟ್ಟಿದ್ದಾರೆ, ಚೆನ್ನಾಗಿದ್ದಾಳೆ ಎಂದು ಅದನ್ನು ನಿಲ್ಲಿಸಬಾರದು. ನಿನ್ನ ಕೆಮ್ಮನ್ನೂ ಹೋಗಿ ತೋರಿಸು. ನಗುವ ವಿಷಯವಲ್ಲವಂತೆ ಅದು. ಆ ನಾಯಿಯನ್ನು ಮನೆಗೆ ಕರೆದುಕೋ, ಆಬ್ಸಲಮ್ ಮಾಮನ ತೋಳು ಸಾಕಷ್ಟು ಗಟ್ಟಿಯಾಗಿರುತ್ತದೆ.

ಸೀಸನ್ ಮುಗಿದ ಮೇಲೆ ನಾನೇ ಕರೆತರುತ್ತೇನೆ. ಅಲ್ಲಿಯವರೆಗೆ ಅವಳು ಇಲ್ಲಿರಲಿ.

ಕೆಂಪು ಚೀಲ ಕೊಂಡೆ. ಯಾವ ಶಾಲೆಗಾದರೂ ಚೀಲ ಬೇಕಲ್ಲ.

ಫೀನಾ


ಹ್ಯಾರೋ ಕೋವ್
ಆಗಸ್ಟ್ 24, 1997

ಫೀನಕ್ಕನಿಗೆ,

ನೀನು ಮೊನ್ನೆ ವ್ಯಾನು ಹತ್ತಿದ ಮೇಲೆ ರೋಡಾ ತಿರುವಿನವರೆಗೆ ಓಡಿದಳು, ಬೋಸನ್ ಅವಳ ಹಿಂದೆ ಓಡಿತು, ನಾನು ಪಂಪು ಹಿಡಿದುಕೊಂಡು ಇಬ್ಬರ ಹಿಂದೆ ಓಡಿದೆ. ಪಂಪು ಬೇಕಾಗಲಿಲ್ಲ. ನನಗೇ ಏದುಸಿರು ಬಂತು.

ನೀನಿದ್ದ ವಾರದಲ್ಲಿ ನಾವಿಬ್ಬರೂ ಮೀನು ನಾತದ ಆ ಹಳೆಯ ಮಾತು ಎತ್ತಲಿಲ್ಲ. ಬಂದ ದಿನ ನೀನು ಹೊಸ್ತಿಲಲ್ಲಿ ನಿಂತು ಮೆಲ್ಲಗೆ ಉಸಿರು ಎಳೆದುಕೊಂಡದ್ದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ನೀನೂ ನೋಡಿದೆ. ಆಮೇಲೆ ನೀನು, "ಚಹಾ ಇದೆಯೇನೇ?" ಅಂದೆ. ಸಾಕು ನನಗೆ.

ಇಲ್ಲಿಯ ವೈದ್ಯರಿಗೆ ಕೆಮ್ಮು ತೋರಿಸಿದೆ. ಬೇಯಿಸುವ ತೊಟ್ಟಿಗಳ ಹತ್ತಿರ ನಿಲ್ಲಬೇಡ ಅಂದರು. ಮುಂದಿನ ವರ್ಷ ಡಬ್ಬ ತುಂಬುವ ಕಡೆ, ಆಚೆ ಕಟ್ಟಡದಲ್ಲಿ, ಕೆಲಸ ಕೇಳಿದ್ದೇನೆ. ನಾನು ಕೇಳಿದ್ದನ್ನು ನೋಡಿ ಇನ್ನಿಬ್ಬರೂ ಕೇಳಿದರು. ಅವರ ಮನೆಯಲ್ಲೂ ಮಕ್ಕಳಿದ್ದಾರೆ. ಅಪ್ಪನ ಕಾಲದ ಮೀನಿನ ಕೊಟ್ಟಿಗೆ ಖಾಲಿ ಬಿದ್ದಿದೆಯಲ್ಲ, ಸೆಲ್ಬಿ ಅಲ್ಲಿ ಬಚ್ಚಲು ಕಟ್ಟುತ್ತಿದ್ದಾನೆ. ದಾರಿಯಲ್ಲಿ ಹೋಗುವವರೆಲ್ಲ ನಿಂತು, "ಏನಪ್ಪಾ, ಏಡಿಗೆ ಸ್ನಾನ ಮಾಡಿಸ್ತೀಯೋ?" ಎಂದು ಕೇಳುತ್ತಾರೆ. "ಇಲ್ಲ, ಹೆಂಡತಿಗೆ" ಅನ್ನುತ್ತಾನೆ.

ಮಗು ಇಲ್ಲದೆ ನಿನ್ನ ಮನೆ ಹೇಗಿದೆ ಎಂದು ನೀನು ಬರೆಯುವುದಿಲ್ಲ, ನನಗೆ ಗೊತ್ತು. ರೋಡಾ ತನ್ನ ಒಂದು ಚಪ್ಪಲಿಯನ್ನು ಹಳದಿ ಕೋಣೆಯ ಮಂಚದಡಿ ಬಿಟ್ಟು ಬಂದಿದ್ದಾಳಂತೆ. ಮರೆತು ಅಲ್ಲ, ಬೇಕೆಂದೇ. "ಅದನ್ನ ತರೋಕೆ ನಾನು ಹೋಗ್ಬೇಕಲ್ಲ" ಅನ್ನುತ್ತಾಳೆ. ಗುಡಿಸುವಾಗ ಅಲ್ಲೇ ಬಿಡು.

ಎಫಿ


ಹ್ಯಾರೋ ಕೋವ್
ಏಪ್ರಿಲ್ 20, 1998

ಫೀನಕ್ಕನಿಗೆ,

ಕ್ರಿಸ್‌ಮಸ್ಸಿಗೆ ನಿನ್ನ ಮನೆಗೆ ಹೋಗಿ ಚಪ್ಪಲಿ ತರದೆ ವಾಪಸು ಬಂದವಳು ನಿನಗೆ ಮುತ್ತು ಕಳಿಸಿದ್ದಾಳೆ.

ಇವತ್ತು ಸೀಸನ್ನಿನ ಮೊದಲ ಪಾಳಿ, ಡಬ್ಬ ತುಂಬುವ ಕಟ್ಟಡದಲ್ಲಿ. ಬೆಳಿಗ್ಗೆ ನಾನು ಹೊರಟಾಗ ರೋಡಾ ಕಿಟಕಿಯಲ್ಲಿ ನಿಂತಿದ್ದಳು. ಮಾತಾಡಲಿಲ್ಲ. ಮಾತಿಲ್ಲದ ರೋಡಾಳನ್ನು ನೀನು ನೋಡಿಲ್ಲ, ನೋಡುವುದೂ ಬೇಡ. ಅವಳ ಜೇಬಿನಲ್ಲಿ ಪಂಪು ಇತ್ತು.

ಸಾಯಂಕಾಲ ಬಂದು ನೇರ ಕೊಟ್ಟಿಗೆಗೆ ಹೋದೆ. ಬಟ್ಟೆಯೆಲ್ಲ ಬಿಚ್ಚಿ ಮುಚ್ಚಳದ ಡಬ್ಬಕ್ಕೆ ಹಾಕಿದೆ. ನೀನು ಕಳಿಸಿದ ವಾಸನೆಯಿಲ್ಲದ ಸೋಪಿನಿಂದ ಕೂದಲು ಎರಡು ಸಲ ತೊಳೆದೆ. ಹೊರಗೆ ಬಂದರೆ ಆ ಗಾಳಿಗೆ ಕೂದಲು ನಿಂತಲ್ಲೇ ಹಿಮಗಟ್ಟಿತು. ಸೆಲ್ಬಿ ಬಾಗಿಲು ತೆರೆದು, ಪಂಪು ನೋಡಿಕೊಂಡು, ಪಕ್ಕಕ್ಕೆ ನಿಂತ.

ರೋಡಾ ಬಂದಳು. ಓಡಿ ಬರಲಿಲ್ಲ. ಹತ್ತಿರ ನಿಂತು ಕೆನ್ನೆ ಉಬ್ಬಿಸಿದಳು. ಏನು ಮಾಡುತ್ತಿದ್ದಾಳೆ ಎಂದು ನನಗೆ ತಿಳಿದಿತ್ತು. ನಾನು ಮಂಡಿಯೂರಿ ಕೂತು, "ಬೇಡ ಮಗಳೇ, ಉಸಿರು ಬಿಡು" ಅಂದೆ.

ಬಿಟ್ಟಳು. ಆಮೇಲೆ ಬೋಸನ್ ಮೂಸುವ ಹಾಗೆ ನನ್ನ ಕೈ ಮೂಸಿದಳು, ಕುತ್ತಿಗೆ ಮೂಸಿದಳು, ಒದ್ದೆ ಕೂದಲು ಮೂಸಿದಳು.

"ಅಮ್ಮಾ, ನಿನ್ನ ಹತ್ರ ಏನೂ ವಾಸನೆ ಬರ್ತಿಲ್ಲ."

"ಹೌದು."

"ದೊಡ್ಡಮ್ಮನ ಮನೆ ಥರ ಇದ್ದೀಯ."

ಹಾಗೆಂದು ನನ್ನ ತೆಕ್ಕೆಗೆ ಬಿದ್ದಳು. ಅವಳ ಬೆನ್ನಿನ ಮೇಲೆ ಕೈಯಿಟ್ಟು ಕೇಳಿಸಿಕೊಳ್ಳುತ್ತಾ ಕೂತೆ. ಒಳಗೆ ಹೋಗುವ ಉಸಿರು, ಹೊರಗೆ ಬರುವ ಉಸಿರು. ಅಕಾರ್ಡಿಯನ್ ಎಲ್ಲೂ ಇಲ್ಲ. ನನ್ನ ಕೂದಲಿನ ಹಿಮ ಕರಗಿ ಅವಳ ಅಂಗಿಯೆಲ್ಲ ಒದ್ದೆಯಾಯಿತು, ಆದರೂ ಬಿಡಲಿಲ್ಲ.

ಇದನ್ನು ನಾಳೆ ನೋಡಬೇಕು, ನಾಡಿದ್ದು ನೋಡಬೇಕು, ಗೊತ್ತು. ಆದರೆ ಇವತ್ತಿನದನ್ನು ಮೊದಲು ನಿನಗೆ ಬರೆಯಬೇಕು ಅನ್ನಿಸಿತು. ಮಹಡಿಯ ಚಿಕ್ಕ ಕೋಣೆಗೆ ಬಣ್ಣ ಹೊಡೆದಿದ್ದೇವೆ. ಬಣ್ಣದ ವಾಸನೆ ಪೂರ್ತಿ ಹೋಗಲಿ ಎಂದು ಚಳಿಗಾಲಕ್ಕೆ ಮೊದಲೇ ಹೊಡೆದು, ಕಿಟಕಿ ತೆರೆದಿಟ್ಟಿದ್ದೆವು. ಯಾವ ಬಣ್ಣ ಎಂದು ರೋಡಾ ಹೇಳಬಾರದು ಅಂದಿದ್ದಾಳೆ. ನಾನು ಪಾಳಿಯಲ್ಲಿರುವಾಗ ಅವಳ ಜೊತೆ ಇರಲು ಯಾರಾದರೂ ಇದ್ದರೆ ಚೆನ್ನಾಗಿತ್ತು. ಹೊಲಿಗೆ ಮಿಷನ್ನಿಗೂ ಜಾಗ ಇದೆ.

ನಿನ್ನ ತಂಗಿ,
ಎಫಿ


ಸೇಂಟ್ ಜಾನ್ಸ್
ಏಪ್ರಿಲ್ 27, 1998

ಎಫಿ,

ಶುಕ್ರವಾರದ ವ್ಯಾನಿಗೆ ಬರುತ್ತಿದ್ದೇನೆ. ಚಪ್ಪಲಿ ಅಲ್ಲೇ ಮಂಚದಡಿ ಇದೆ, ತರುವುದಿಲ್ಲ.

ನಾನು ಬರುತ್ತೇನೆಂದು ವಿಶೇಷವಾಗಿ ಏನೂ ಬೇಯಿಸಬೇಡ.

ನಿನ್ನ ಅಕ್ಕ,
ಫೀನಾ